ಮಗ ಯಾವ ಕೌಂಟಿಯಲ್ಲಿದ್ದಾನೆ?

ಡಲ್ಲಾಸ್ ಸೀಮೆಯಲ್ಲಿ ಸಂಜೆ ಅಂಗಡಿಗೆ ಹೋದ ಹುಡುಗ ನಡುರಾತ್ರಿಯಾದರೂ ಮನೆಗೆ ಬಂದಿಲ್ಲ, ಫೋನ್ ಸ್ವಿಚ್ ಆಫ್ ಆಗಿದೆ, ಆಸ್ಪತ್ರೆಗಳಲ್ಲೂ ಇಲ್ಲ ಎಂದಾದರೆ ಹುಡುಕುವವರು ಮೊದಲು ಪತ್ತೆ ಹಚ್ಚಬೇಕಾದದ್ದು ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕದ, ಹೆಸರನ್ನು. ಟೆಕ್ಸಾಸ್‌ನಲ್ಲಿ 254 ಕೌಂಟಿಗಳಿವೆ. ಪ್ರತಿಯೊಂದಕ್ಕೂ ಮತದಾರರು ಆರಿಸಿದ ಶೆರೀಫ್ ಇರುತ್ತಾರೆ. ಕೌಂಟಿ ಜೈಲು ಸಾಮಾನ್ಯವಾಗಿ ಅವರ ಕೈಯಲ್ಲಿರುತ್ತದೆ, ಬಂಧಿತರ ಪಟ್ಟಿಯೂ ಅವರಲ್ಲೇ ಇರುತ್ತದೆ. ಒಂದೊಂದು ಕೌಂಟಿಯದು ಒಂದೊಂದು ಪಟ್ಟಿ, ಒಂದೊಂದು ಬಗೆಯ ಹುಡುಕಾಟ. ಡಲ್ಲಾಸ್ ನಗರವೇ ಡಲ್ಲಾಸ್, ಕಾಲಿನ್, ಡೆಂಟನ್, ಕಾಫ್‌ಮನ್, ರಾಕ್‌ವಾಲ್ ಎಂಬ ಐದು ಕೌಂಟಿಗಳಿಗೆ ಚಾಚಿಕೊಂಡಿದೆ. ನಮ್ಮವರು ಬಹಳಷ್ಟು ಮಂದಿ ನೆಲೆಸಿರುವ ಫ್ರಿಸ್ಕೋ ಪಟ್ಟಣದ ಒಂದು ಭಾಗ ಕಾಲಿನ್‌ನಲ್ಲಿ, ಇನ್ನೊಂದು ಭಾಗ ಡೆಂಟನ್‌ನಲ್ಲಿ. ಊರು ಒಂದೇ ಆದರೂ ಪೂರ್ವದ ಅಂಗಡಿಯಲ್ಲಿ ಬಂಧನವಾದರೆ ಮೆಕಿನ್ನಿಯಲ್ಲಿರುವ ಜೈಲು, ಪಶ್ಚಿಮದ ಅಂಗಡಿಯಲ್ಲಾದರೆ ಡೆಂಟನ್ ಪಟ್ಟಣದ ಜೈಲು.

2023ರ ಫೆಬ್ರುವರಿಯ ಒಂದು ಶನಿವಾರ ರಾತ್ರಿ ನನಗೆ ಇದೆಲ್ಲ ಬೇಕಾಯಿತು. ತುಮಕೂರಿನಲ್ಲಿ ಆಗ ಭಾನುವಾರ ಮಧ್ಯಾಹ್ನ. ಪರಿಚಯದವರ ಮೂಲಕ ನನ್ನ ನಂಬರ್ ಪಡೆದ ಒಬ್ಬ ತಾಯಿ ಫೋನ್ ಮಾಡಿದರು. ಮಗ ಇಲ್ಲಿ ಸ್ನಾತಕೋತ್ತರ ಪದವಿಗೆ ಓದುತ್ತಿದ್ದ, ದಿನವೂ ತಪ್ಪದೆ ಮಾತನಾಡುವವನು ಆ ದಿನ ಮಾತನಾಡಿರಲಿಲ್ಲ. ಅವನ ರೂಮಿನ ಹುಡುಗರಿಗೆ ಗೊತ್ತಿದ್ದದ್ದು ಇಷ್ಟೇ: ದಿನಸಿ ತರಲು ಹೋಗಿದ್ದ, ಅಂಗಡಿಯ ಹೊರಗೆ ಪೊಲೀಸ್ ಕಾರು ನಿಂತಿದ್ದನ್ನು ಬೇರೊಬ್ಬ ಗೆಳೆಯ ಕಂಡಿದ್ದ. ಆ ಊರಿನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ, ಅದೂ ಎರಡು ಕೌಂಟಿಗಳಲ್ಲಿ ಹಂಚಿಹೋದ ಊರು.

‘ಠಾಣೆಯಿಂದ ನಮಗೆ ಯಾಕೆ ಯಾರೂ ಫೋನ್ ಮಾಡಿಲ್ಲ?’ ಎಂದು ಆ ತಾಯಿ ಮತ್ತೆ ಮತ್ತೆ ಕೇಳಿದರು. ಅವರ ಪ್ರಶ್ನೆಯಲ್ಲಿ ನ್ಯಾಯವಿತ್ತು. ಭಾರತದಲ್ಲಿ 1996ರ ಡಿ.ಕೆ. ಬಸು ತೀರ್ಪಿನ ನಂತರ ಬಂಧಿತನ ಸಂಬಂಧಿಕರಿಗೋ ಸ್ನೇಹಿತರಿಗೋ ತಿಳಿಸಬೇಕಾದದ್ದು ಪೊಲೀಸರ ಕರ್ತವ್ಯ. ಇಲ್ಲಿ ಮನೆಯವರಿಗೆ ತಿಳಿಸುವ ಹೊಣೆ ಬಹುಮಟ್ಟಿಗೆ ಬಂಧಿತನದೇ, ಜೈಲಿನ ಗೋಡೆಯ ಫೋನಿನಿಂದ ಅವನೇ ಕರೆ ಮಾಡಬೇಕು. ಆ ಫೋನಿನಿಂದ ಸಾಮಾನ್ಯವಾಗಿ ತುಮಕೂರಿಗೆ ಕರೆ ಹೋಗುವುದಿಲ್ಲ. ಮೊಬೈಲನ್ನು ಒಳಗೆ ಹೋಗುವಾಗಲೇ ತೆಗೆದಿಟ್ಟುಕೊಂಡಿರುತ್ತಾರೆ, ಈಗಿನ ಹುಡುಗರಿಗೆ ಅಮೆರಿಕದ ಒಂದು ನಂಬರೂ ಬಾಯಿಪಾಠ ಇರುವುದಿಲ್ಲ. ಅಂದಿನಿಂದ ಹೊಸದಾಗಿ ಬರುವ ಪ್ರತಿ ವಿದ್ಯಾರ್ಥಿಗೂ ನಾನು ಹೇಳುವ ಮೊದಲ ಮಾತು, ಇಲ್ಲಿರುವ ಒಬ್ಬರ ನಂಬರನ್ನಾದರೂ ಬಾಯಿಪಾಠ ಮಾಡಿಕೊಳ್ಳಿ ಎಂಬುದು. ರಾಯಭಾರ ಕಚೇರಿಯ ವಿಷಯವೂ ಹಾಗೆಯೇ. 1963ರ ವಿಯೆನ್ನಾ ಒಪ್ಪಂದದ 36ನೆಯ ವಿಧಿಯಂತೆ ವಿದೇಶಿ ಬಂಧಿತನಿಗೆ ತನ್ನ ದೇಶದ ಕಾನ್ಸುಲೇಟಿಗೆ ತಿಳಿಸಿ ಎಂದು ಕೇಳುವ ಹಕ್ಕಿದೆ, ಆದರೆ ಭಾರತೀಯರ ವಿಷಯದಲ್ಲಿ ಕೇಳಿದರೆ ಮಾತ್ರ ತಿಳಿಸುತ್ತಾರೆ. ಟೆಕ್ಸಾಸ್‌ಗೆ ಸಂಬಂಧಿಸಿದ ಭಾರತೀಯ ಕಾನ್ಸುಲೇಟ್ ಇರುವುದು ಹ್ಯೂಸ್ಟನ್‌ನಲ್ಲಿ.

ಹುಡುಕಾಟ ಶುರುವಾದದ್ದು ಅಂತರಜಾಲದಿಂದಲೇ. ಹೆಸರು, ಊರು, ಬಂಧನ ಎಂದು ಟೈಪ್ ಮಾಡಿದೊಡನೆ ಮೇಲೆ ಬರುವುದು ಖಾಸಗಿ ಜಾಲತಾಣಗಳು. ‘ಉಚಿತ ಬಂಧನ ದಾಖಲೆ’ ಎಂದು ಬರೆದಿರುತ್ತದೆ, ಒಂದು ಪಟ್ಟಿ ಗಿರಗಿರನೆ ತಿರುಗುತ್ತದೆ, ‘ನೀವು ಹುಡುಕುತ್ತಿರುವವರ ಬಗ್ಗೆ ಆಘಾತಕಾರಿ ಮಾಹಿತಿ ಸಿಕ್ಕಿದೆ’ ಎನ್ನುತ್ತದೆ, ಕೊನೆಗೆ ಕ್ರೆಡಿಟ್ ಕಾರ್ಡ್ ನಂಬರ್ ಕೇಳುತ್ತದೆ. ಆ ಹೊತ್ತಿನಲ್ಲಿ ಹೆತ್ತವರು ಎಷ್ಟು ಬೇಕಾದರೂ ಕೊಡುತ್ತಾರೆ. ಕೊಡಬಾರದು. ಅವರ ಬಳಿ ಇರುವುದು ಎಲ್ಲಿಂದಲೋ ಹೆಕ್ಕಿದ ಹಳೆಯ ಪ್ರತಿ, ಈ ರಾತ್ರಿ ಜೈಲಿನೊಳಗೆ ಯಾರಿದ್ದಾರೆ ಎಂಬುದು ಅವರಿಗೆ ತಿಳಿಯದು. ಅದನ್ನು ಬಲ್ಲದ್ದು ಶೆರೀಫ್ ಕಚೇರಿಯ ಪಟ್ಟಿ. ಅದನ್ನು ತಲುಪುವ ಭದ್ರವಾದ ದಾರಿ ಎಂದರೆ ಕೌಂಟಿ ಸರ್ಕಾರದ ಮುಖಪುಟಕ್ಕೆ ಹೋಗಿ, ಅಲ್ಲಿಂದ ಶೆರೀಫ್ ವಿಭಾಗಕ್ಕೆ, ಅಲ್ಲಿಂದ ಜೈಲಿನ ಹುಡುಕಾಟದ ಪುಟಕ್ಕೆ ಹೋಗುವುದು. ಹುಡುಕಲು ಹಣ ಕೇಳಿದರೆ ನೀವು ತಪ್ಪು ಜಾಗದಲ್ಲಿದ್ದೀರಿ ಎಂದು ತಿಳಿದುಕೊಳ್ಳಿ.

ನಾನು ಎರಡೂ ಕೌಂಟಿಗಳ ಪಟ್ಟಿ ನೋಡಿದೆ. ಹುಡುಗನ ಹೆಸರು ಎರಡರಲ್ಲೂ ಇರಲಿಲ್ಲ.

ಇದಕ್ಕೆ ಎರಡು ಕಾರಣಗಳಿರಬಹುದು. ಮೊದಲನೆಯದು, ಈ ಉಪನಗರಗಳಲ್ಲಿ ಹಲವಕ್ಕೆ ತಮ್ಮದೇ ಪುಟ್ಟ ಬಂಧೀಖಾನೆ ಇದೆ. ನಗರದ ಪೊಲೀಸರು ಹಿಡಿದವರನ್ನು ಮೊದಲು ಅಲ್ಲಿಟ್ಟು, ಆಮೇಲೆ ಕೌಂಟಿ ಜೈಲಿಗೆ ಸಾಗಿಸುತ್ತಾರೆ. ಸಾಗಿಸುವವರೆಗೂ ಕೌಂಟಿಯ ಪಟ್ಟಿಯಲ್ಲಿ ಹೆಸರು ಕಾಣುವುದಿಲ್ಲ. ಎರಡನೆಯದು ನಮ್ಮ ಹೆಸರುಗಳು. ಈ ಹುಡುಕಾಟಗಳೆಲ್ಲ ಕುಲನಾಮದಿಂದ ಶುರುವಾಗುತ್ತವೆ. ನಮ್ಮ ಹಳೆಯ ಮೈಸೂರಿನ ಕಡೆಯ ಹುಡುಗನ ಪಾಸ್‌ಪೋರ್ಟಿನಲ್ಲಿ ಆ ಜಾಗದಲ್ಲಿ ಅಪ್ಪನ ಹೆಸರು ಇರಬಹುದು, ಊರಿನ ಹೆಸರು ಇರಬಹುದು, ಬಿಡಿಸಿ ಬರೆದ ಇನಿಷಿಯಲ್ ಇರಬಹುದು, ಏನೂ ಇಲ್ಲದೆಯೂ ಇರಬಹುದು. ಒಂದೇ ಹೆಸರಿರುವವರ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂಬ ಮೂರು ಅಕ್ಷರ (ಮೊದಲ ಹೆಸರು ತಿಳಿಯದು ಎಂಬುದರ ಇಂಗ್ಲಿಷ್ ಕಿರುರೂಪ) ಬಿದ್ದಿರುತ್ತದೆ, ಅದೇ ಡ್ರೈವಿಂಗ್ ಲೈಸೆನ್ಸಿಗೂ ಜೈಲಿನ ದಾಖಲೆಗೂ ಹೋಗುತ್ತದೆ. ಜೊತೆಗೆ ಮಂಜುನಾಥನ ಕೊನೆಯಲ್ಲಿ ಒಂದು ‘ಎ’ ಇದೆಯೋ ಇಲ್ಲವೋ ಎಂಬ ತೊಡಕು. ಮನೆಯವರು ಹೇಳುವ ಹೆಸರನ್ನು ನಂಬಿ ಹುಡುಕಬೇಡಿ, ಪಾಸ್‌ಪೋರ್ಟಿನ ಫೋಟೋ ಕಳಿಸಲು ಹೇಳಿ. ಕುಲನಾಮದ ಮೊದಲ ಮೂರು ನಾಲ್ಕು ಅಕ್ಷರಗಳನ್ನಷ್ಟೇ ಕೊಟ್ಟು ಹುಡುಕಿ. ಹುಟ್ಟಿದ ದಿನವನ್ನು ಬರೆಯುವಾಗ ಇಲ್ಲಿ ತಿಂಗಳು ಮೊದಲು, ದಿನ ಆಮೇಲೆ.

ನಗರ ಪೊಲೀಸರ ತುರ್ತಲ್ಲದ ಕರೆಗಳ ನಂಬರಿಗೆ ಫೋನ್ ಮಾಡಿ ಬಂಧೀಖಾನೆಯ ಮೇಜಿಗೆ ಕೊಡಿ ಎಂದೆ. ಅಲ್ಲಿದ್ದ ಮಹಿಳೆ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಹೇಳಿಸಿಕೊಂಡರು, ಹುಟ್ಟಿದ ದಿನ ಕೇಳಿದರು, ‘ಇದ್ದಾನೆ’ ಎಂದರು. ಆರೋಪ ಏನು, ಯಾವ ಕೌಂಟಿಗೆ ಹೋಗುತ್ತಾನೆ, ಮ್ಯಾಜಿಸ್ಟ್ರೇಟರ ಮುಂದೆ ಸುಮಾರು ಎಷ್ಟು ಹೊತ್ತಿಗೆ ಎಂಬುದನ್ನೂ ಹೇಳಿದರು. ನಾನು ಯಾರು, ಅವನಿಗೆ ಏನಾಗಬೇಕು ಎಂದು ಕೇಳಲೇ ಇಲ್ಲ.

ಆ ಮಾತನ್ನು ನಾನು ಇಂದಿಗೂ ಯೋಚಿಸುತ್ತೇನೆ. ಟೆಕ್ಸಾಸ್‌ನ ಸಾರ್ವಜನಿಕ ಮಾಹಿತಿ ಕಾಯ್ದೆಯ ಪ್ರಕಾರ, ತನಿಖೆ ನಡೆಯುತ್ತಿದ್ದರೂ ಬಂಧನದ ಮೂಲ ಮಾಹಿತಿಯನ್ನು ಬಚ್ಚಿಡುವಂತಿಲ್ಲ. ಯಾರನ್ನು ಹಿಡಿದರು, ಎಲ್ಲಿ, ಯಾವ ಆರೋಪದ ಮೇಲೆ ಎಂಬುದನ್ನು ಯಾರು ಕೇಳಿದರೂ ಹೇಳಬೇಕು. ಇದು ಮನುಷ್ಯನನ್ನು ನಾಚಿಸಲು ಇರುವ ಏರ್ಪಾಡಲ್ಲ. ಸರ್ಕಾರ ಯಾರನ್ನೂ ಸದ್ದಿಲ್ಲದೆ ಕಾಣೆಯಾಗಿಸಬಾರದು ಎಂಬುದು ಅದರ ಹಿಂದಿನ ಕಾಳಜಿ. ರಕ್ತಸಂಬಂಧವಿಲ್ಲದ, ವಕೀಲೆಯೂ ಅಲ್ಲದ ನಾನು ರಾತ್ರಿ ಎರಡು ಗಂಟೆಗೆ ಒಬ್ಬ ತಾಯಿಗೆ ‘ನಿಮ್ಮ ಮಗ ಬದುಕಿದ್ದಾನೆ, ಇಂಥ ಕಡೆ ಇದ್ದಾನೆ’ ಎಂದು ಹೇಳಲು ಸಾಧ್ಯವಾದದ್ದು ಆ ಕಾಯ್ದೆಯಿಂದ. ಬಂಧನದ ದಾಖಲೆಗಳನ್ನೆಲ್ಲ ಮುಚ್ಚಿಬಿಡಬೇಕು ಎನ್ನುವವರ ಮಾತನ್ನು ನಾನು ಒಪ್ಪದಿರುವುದೂ ಅದಕ್ಕೇ.

ಬೆಳಗಿನ ಹೊತ್ತಿಗೆ ಕೌಂಟಿಯ ಪಟ್ಟಿಯಲ್ಲಿ ಅವನ ಹೆಸರು ಬಂತು. ಬುಕಿಂಗ್ ನಂಬರ್, ಬಂಧಿಸಿದ ಇಲಾಖೆ, ಆರೋಪ, ಜಾಮೀನಿನ ಮೊತ್ತ. ಸ್ವಯಂಸೇವಾ ಬಿಲ್ಲಿಂಗ್ ಕೌಂಟರಿನಲ್ಲಿ ಕೆಲವು ವಸ್ತುಗಳನ್ನು ಸ್ಕ್ಯಾನ್ ಮಾಡಲಿಲ್ಲ ಎಂಬುದು ಅಂಗಡಿಯವರ ದೂರು. ಇಲ್ಲಿ 100 ಡಾಲರಿನಿಂದ 750 ಡಾಲರಿನೊಳಗಿನ ಕಳವಿನ ಆರೋಪ ಬಿ ದರ್ಜೆಯ ಅಪರಾಧ, 180 ದಿನಗಳವರೆಗೆ ಜೈಲು, 2,000 ಡಾಲರ್‌ವರೆಗೆ ದಂಡ ಆಗಬಹುದು. ಪುಟದಲ್ಲಿ ನಾನು ಎಲ್ಲಕ್ಕಿಂತ ಮೊದಲು ಹುಡುಕಿದ್ದು ‘ಹೋಲ್ಡ್’ ಎಂಬ ಕಾಲಂ. ವಲಸೆ ಇಲಾಖೆಯವರು ಇವನನ್ನು ಬಿಡಬೇಡಿ ಎಂದು ಕೋರಿದ್ದರೆ ಅಲ್ಲಿ ಕಾಣುತ್ತದೆ. 2017ರ ರಾಜ್ಯ ಕಾಯ್ದೆಯ ನಂತರ ಟೆಕ್ಸಾಸ್‌ನ ಜೈಲುಗಳು ಆ ಕೋರಿಕೆಯನ್ನು ಪಾಲಿಸಲೇಬೇಕು. ಅದು ಖಾಲಿ ಇತ್ತು.

ಜಾಮೀನಿನ ಹಣದ ಬಗ್ಗೆ ಒಂದು ಮಾತು. ಪೂರ್ತಿ ಮೊತ್ತವನ್ನು ನಗದಾಗಿ ಕಟ್ಟಿದರೆ, ಅವನು ತಪ್ಪದೆ ನ್ಯಾಯಾಲಯಕ್ಕೆ ಹಾಜರಾದ ಪಕ್ಷದಲ್ಲಿ ಪ್ರಕರಣ ಮುಗಿದ ಮೇಲೆ ಹಿಂದಿರುಗುತ್ತದೆ. ಜಾಮೀನು ಏಜೆಂಟರಿಗೆ ಸಾಮಾನ್ಯವಾಗಿ ಶೇಕಡಾ 10ರಷ್ಟು ಕೊಟ್ಟರೆ ಸಾಕು, ಆದರೆ ಅದು ಹೋದಂತೆಯೇ. ಸಾವಿರ ಡಾಲರ್ ಇತ್ತು, ನಗದು ಕಟ್ಟಿದೆವು. ಕಟ್ಟಿದ ಮೇಲೂ ಹೊರಬರಲು ಗಂಟೆಗಟ್ಟಲೆ ಹಿಡಿಯುತ್ತದೆ. ಆಗ ಉಪಯೋಗಕ್ಕೆ ಬಂದದ್ದು ವೈನ್ ಎಂಬ ವ್ಯವಸ್ಥೆ. 1993ರ ಡಿಸೆಂಬರ್‌ನಲ್ಲಿ ಕೆಂಟಕಿಯ ಲೂಯಿವಿಲ್‌ನಲ್ಲಿ ಮೇರಿ ಬೈರನ್ ಎಂಬ ಯುವತಿಯನ್ನು, ಅವಳಿಗೆ ತಿಳಿಯದಂತೆಯೇ ಜೈಲಿನಿಂದ ಹೊರಬಂದಿದ್ದ ಮಾಜಿ ಗೆಳೆಯ ಅವಳ 21ನೆಯ ಹುಟ್ಟುಹಬ್ಬದಂದೇ ಕೊಂದ. ಮರುವರ್ಷ ಅಲ್ಲೇ ಹುಟ್ಟಿದ ಈ ವ್ಯವಸ್ಥೆಯಲ್ಲಿ ಬಂಧಿತನ ಹೆಸರಿಗೆ ನಮ್ಮ ಫೋನ್ ನಂಬರ್ ಜೋಡಿಸಿದರೆ, ಅವನ ಬಿಡುಗಡೆಯಾದೊಡನೆ ನಮಗೆ ಸಂದೇಶ ಬರುತ್ತದೆ. ನೊಂದವರ ರಕ್ಷಣೆಗಾಗಿ ಮಾಡಿದ್ದು, ಕಾದು ಕುಳಿತ ಮನೆಯವರಿಗೂ ನೆರವಾಗುತ್ತದೆ.

ಇನ್ನು ಫೋಟೋ. ಕೌಂಟಿಯ ಪುಟದಲ್ಲಿ ಹೆಸರಿನ ಪಕ್ಕದಲ್ಲೇ ಅದು ಇತ್ತು. ಬೂದು ಗೋಡೆ, ಕೆದರಿದ ಕೂದಲು, ನಿದ್ದೆಯಿಲ್ಲದ ಕಣ್ಣು. ಎದುರಿನಿಂದ ಒಂದು, ಪಕ್ಕದಿಂದ ಒಂದು ತೆಗೆಯುವ ಈ ಪದ್ಧತಿಯನ್ನು 1888ರ ಹೊತ್ತಿಗೆ ಪ್ಯಾರಿಸ್ ಪೊಲೀಸ್ ಇಲಾಖೆಯ ಆಲ್ಫೋನ್ಸ್ ಬರ್ಟಿಯೋನ್ ಒಂದು ಕ್ರಮಕ್ಕೆ ತಂದರು. ಆ ವ್ಯಕ್ತಿಯನ್ನು ಮುಂದೆ ಗುರುತಿಸಲು ಮಾಡಿಕೊಂಡ ಏರ್ಪಾಡು ಅದು. ಆದರೆ ಅಂಥ ಫೋಟೋದಲ್ಲಿ ಯಾರನ್ನು ನಿಲ್ಲಿಸಿದರೂ ಕಳ್ಳನಂತೆಯೇ ಕಾಣುತ್ತಾರೆ. ಟೆಕ್ಸಾಸ್‌ನ ಲಾಗೋ ವಿಸ್ಟಾ ಎಂಬ ಊರಿನಲ್ಲಿ ಸೀಟ್ ಬೆಲ್ಟ್ ಹಾಕದೆ ಮಕ್ಕಳೊಂದಿಗೆ ಕಾರು ಓಡಿಸುತ್ತಿದ್ದ ತಾಯಿಯೊಬ್ಬರನ್ನು ಬೇಡಿ ತೊಡಿಸಿ ಕರೆದೊಯ್ದು ಇಂಥದೇ ಫೋಟೋ ತೆಗೆದರು. ಆ ಅಪರಾಧಕ್ಕೆ ಇದ್ದ ಶಿಕ್ಷೆ ಬರಿಯ ದಂಡ. 2001ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಆ ಬಂಧನ ಸಂವಿಧಾನಬಾಹಿರವಲ್ಲ ಎಂದಿತು. ಫೋಟೋ ಇದೆ ಎಂದರೆ ಪೊಲೀಸರು ಹಿಡಿದಿದ್ದರು ಎಂದಷ್ಟೇ ಅರ್ಥ, ಅದಕ್ಕಿಂತ ಒಂದಕ್ಷರ ಹೆಚ್ಚಿಲ್ಲ.

ತಾಯಿ ಫೋಟೋ ಕಳಿಸಿ ಎಂದರು. ನಾನು ಕಳಿಸಲಿಲ್ಲ. ಮುಖಕ್ಕೆ ಪೆಟ್ಟಾಗಿಲ್ಲ, ಆರೋಗ್ಯವಾಗಿದ್ದಾನೆ ಎಂದು ಹೇಳಿದೆ, ಅಷ್ಟು ಹೇಳಲು ಆ ಫೋಟೋ ನನಗೆ ನೆರವಾಯಿತು. ಒಮ್ಮೆ ಆ ಚಿತ್ರ ತುಮಕೂರಿನ ಮೊಬೈಲಿಗೆ ಹೋದರೆ ಚಿಕ್ಕಪ್ಪ, ಸೋದರಮಾವ, ಕೇರಿ, ಕುಟುಂಬದ ಗುಂಪು ಎಲ್ಲ ಕಡೆ ಹೋಗುತ್ತದೆ, ಮುಂದೆ ಪ್ರಕರಣ ವಜಾ ಆದ ಸುದ್ದಿ ಅಷ್ಟು ದೂರ ಹೋಗುವುದಿಲ್ಲ.

ಆದರೂ ಅದು ಹೋಯಿತು. ವಾರ ಕಳೆಯುವುದರೊಳಗೆ ಒಂದು ಖಾಸಗಿ ಜಾಲತಾಣ ಕೌಂಟಿಯ ಪುಟದಿಂದ ಆ ಫೋಟೋವನ್ನು ಎತ್ತಿಕೊಂಡು, ಹೆಸರು, ವಯಸ್ಸು, ಆರೋಪಗಳ ಸಮೇತ ಹಾಕಿತು. ಹುಡುಗನ ಹೆಸರನ್ನು ಹುಡುಕಿದರೆ ಮೊದಲು ಬರುವುದು ಅದೇ ಆಯಿತು. ನಮ್ಮವರದೇ ಒಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರೋ ಅದನ್ನು ಹಂಚಿದರು. ‘ನೋಡಿ, ನಮ್ಮ ಹುಡುಗರು ಹೀಗಾಗಿದ್ದಾರೆ’ ಎಂಬ ಒಕ್ಕಣೆ ಬೇರೆ. ನನಗೆ ಅಂದು ಬಂದ ಸಿಟ್ಟು ಇನ್ನೂ ಇಳಿದಿಲ್ಲ. ನೆರೆಮನೆಯ ಮಗುವಿಗೆ ಜ್ವರ ಬಂದಾಗ ಸಾರು ಕಳಿಸುವ ಜನ ನಾವು, ಅದೇ ಕೈಗಳಿಂದ ಒಬ್ಬ ಇಪ್ಪತ್ತಮೂರರ ಹುಡುಗನ ಅತಿ ಕೆಟ್ಟ ರಾತ್ರಿಯ ಚಿತ್ರವನ್ನು ನೂರಾರು ಮಂದಿಗೆ ಹಂಚಬಾರದು. ಗುಂಪಿನ ನಿರ್ವಾಹಕರಿಗೆ ಫೋನ್ ಮಾಡಿ ತೆಗೆಸಿದೆ.

ಜಾಲತಾಣದ್ದು ಅಷ್ಟು ಸುಲಭವಿರಲಿಲ್ಲ. ಇಂಥವು ಮೊದಲು ಫೋಟೋ ಹಾಕಿ, ಆಮೇಲೆ ತೆಗೆಯಲು ನೂರಾರು ಡಾಲರ್ ಕೇಳುತ್ತಿದ್ದವು. 2013ರಲ್ಲಿ ಟೆಕ್ಸಾಸ್, ಜಾರ್ಜಿಯಾ, ಯೂಟಾ ಮುಂತಾದ ರಾಜ್ಯಗಳು ಇದರ ವಿರುದ್ಧ ಕಾಯ್ದೆ ತಂದವು. ಅದೇ ವರ್ಷ ಗೂಗಲ್ ತನ್ನ ಹುಡುಕಾಟದಲ್ಲಿ ಅವುಗಳನ್ನು ಕೆಳಗಿಳಿಸಿತು, ಮಾಸ್ಟರ್‌ಕಾರ್ಡ್, ಪೇಪಾಲ್‌ನಂಥ ಸಂಸ್ಥೆಗಳು ಅವುಗಳ ಹಣಪಾವತಿಯನ್ನು ಕೈಬಿಟ್ಟವು. 2018ರಲ್ಲಿ ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್ ಇಂಥ ಒಂದು ತಾಣದ ನಾಲ್ವರ ಮೇಲೆ ಸುಲಿಗೆಯ ಮೊಕದ್ದಮೆ ಹೂಡಿದರು. ಆದರೂ ಜಾಹೀರಾತಿನ ಹಣಕ್ಕಾಗಿ ಈ ತಾಣಗಳು ಬದುಕಿವೆ. ಹಣ ಕೊಟ್ಟು ಒಂದರಿಂದ ತೆಗೆಸಿದರೆ ಇನ್ನೊಂದರಲ್ಲಿ ಹುಟ್ಟಿಕೊಳ್ಳುತ್ತದೆ. ಆದ್ದರಿಂದ ನಾವು ಒಂದು ಡಾಲರನ್ನೂ ಕೊಡಲಿಲ್ಲ, ಮೂಲ ದಾಖಲೆಯನ್ನೇ ಅಳಿಸುವವರೆಗೆ ಕಾಯೋಣ ಎಂದು ನಿರ್ಧರಿಸಿದೆವು.

ಮೂಲದಲ್ಲೇ ಫೋಟೋ ಹಾಕದಿರಬಹುದಲ್ಲವೇ ಎಂದು ನೀವು ಕೇಳಬಹುದು. ಖಂಡಿತ ಸಾಧ್ಯ. ಒಕ್ಕೂಟ ಸರ್ಕಾರದ ವಶದಲ್ಲಿರುವವರ ಫೋಟೋಗಳನ್ನು ಯು.ಎಸ್. ಮಾರ್ಷಲ್‌ಗಳು ಕೇಳಿದವರಿಗೆಲ್ಲ ಕೊಡುವುದಿಲ್ಲ. ಅದರಲ್ಲಿ ಬಂಧಿತನ ಖಾಸಗಿತನದ ಹಿತ ಇದೆ ಎಂದು 2016ರಲ್ಲಿ ಆರನೆಯ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ ತನ್ನದೇ ಹಳೆಯ ತೀರ್ಪನ್ನು ಬದಲಿಸಿ ಹೇಳಿತು. ನ್ಯೂಯಾರ್ಕ್ 2019ರಲ್ಲಿ ಈ ಫೋಟೋಗಳ ಬಿಡುಗಡೆಗೆ ಕಡಿವಾಣ ಹಾಕಿತು. ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಹಿಂಸೆಯಿಲ್ಲದ ಆರೋಪ ಹೊತ್ತವರ ಫೋಟೋವನ್ನು ಪೊಲೀಸರು ಸಾಮಾನ್ಯವಾಗಿ ಸಾಮಾಜಿಕ ಮಾಧ್ಯಮದಲ್ಲಿ ಹಾಕುವಂತಿಲ್ಲ. 2024ರಲ್ಲಿ ಒಂಬತ್ತನೆಯ ಸರ್ಕಿಟ್ ನ್ಯಾಯಾಲಯ, ಅರಿಜೋನಾದ ಮ್ಯಾರಿಕೋಪಾ ಕೌಂಟಿ ಬಂಧಿತರ ಫೋಟೋಗಳನ್ನು ಜಾಲತಾಣದಲ್ಲಿ ಹಾಕುತ್ತಿದ್ದುದು ವಿಚಾರಣೆಗೆ ಮುಂಚೆಯೇ ಕೊಡುವ ಶಿಕ್ಷೆ ಎಂಬ ವಾದಕ್ಕೆ ಹುರುಳಿದೆ ಎಂದು ಆ ಮೊಕದ್ದಮೆ ಮುಂದುವರಿಯಲು ಬಿಟ್ಟಿತು. ನನ್ನ ನಿಲುವೂ ಅದೇ. ಹೆಸರು, ಆರೋಪ, ಜೈಲು, ಜಾಮೀನು ಎಲ್ಲರಿಗೂ ಕಾಣಲಿ. ಮನೆಯವರು ಹುಡುಕಲು ಅಷ್ಟು ಸಾಕು. ಮುಖವನ್ನು ಜಗತ್ತಿಗೆಲ್ಲ ತೋರಿಸುವ ಅಗತ್ಯ ನನಗೆ ಕಾಣುವುದಿಲ್ಲ.

ಪ್ರಕರಣ ಆ ವರ್ಷದ ಕೊನೆಗೆ ವಜಾ ಆಯಿತು. ಕ್ಯಾಮೆರಾ ದೃಶ್ಯದಲ್ಲಿ ಅವನು ಸ್ಕ್ಯಾನ್ ಮಾಡಲು ಯತ್ನಿಸಿದ್ದು, ಯಂತ್ರ ತಡವರಿಸಿದ್ದು ಕಾಣುತ್ತಿತ್ತು. ವಜಾ ಆದರೂ ಬಂಧನದ ದಾಖಲೆ ತಾನಾಗಿ ಅಳಿಯುವುದಿಲ್ಲ. ಅದಕ್ಕೆ ನ್ಯಾಯಾಲಯಕ್ಕೆ ಪ್ರತ್ಯೇಕ ಅರ್ಜಿ ಹಾಕಬೇಕು. ಅವನ ಪ್ರಕರಣದಲ್ಲಿ ಬಿ ದರ್ಜೆಯ ಅಪರಾಧಕ್ಕಿರುವ ಎರಡು ವರ್ಷಗಳ ಕಾಲಮಿತಿ ಮುಗಿಯುವವರೆಗೆ ಕಾಯಬೇಕು ಎಂದರು ವಕೀಲರು.

ಆ ಕಾಯುವಿಕೆಯ ಕೊನೆಗೇ 2025ರ ಏಪ್ರಿಲ್ ಬಂತು. ಒಕ್ಕೂಟ ಸರ್ಕಾರ ವಿದೇಶಿ ವಿದ್ಯಾರ್ಥಿಗಳ ಹೆಸರುಗಳನ್ನು ಎಫ್‌ಬಿಐನ ಅಪರಾಧ ಮಾಹಿತಿ ಕೋಶದೊಂದಿಗೆ ಹೋಲಿಸಿ ನೋಡಿ, ಸಾವಿರಾರು ಮಂದಿಯ ಸೆವಿಸ್ ದಾಖಲೆಗಳನ್ನು, ಅಂದರೆ ವಿದೇಶಿ ವಿದ್ಯಾರ್ಥಿಗಳ ಬಗ್ಗೆ ಸರ್ಕಾರ ಇಡುವ ದಾಖಲೆಗಳನ್ನು, ರದ್ದು ಮಾಡಿತು. ಶಿಕ್ಷೆಯಾಗದವರು, ಪ್ರಕರಣ ವಜಾ ಆದವರು ಎಲ್ಲರೂ ಅದರಲ್ಲಿದ್ದರು. ದೇಶದ ಉದ್ದಗಲಕ್ಕೂ ಮೊಕದ್ದಮೆಗಳು ಬಿದ್ದ ಮೇಲೆ ತಿಂಗಳ ಕೊನೆಗೆ ಸರ್ಕಾರ ಹಿಂದೆ ಸರಿದು ದಾಖಲೆಗಳನ್ನು ಮರಳಿ ಸ್ಥಾಪಿಸಿತು. ನಮ್ಮ ಹುಡುಗ ಆಗ ಪದವಿ ಮುಗಿಸಿ ಕೆಲಸದಲ್ಲಿದ್ದ. ಅವನ ದಾಖಲೆ ರದ್ದಾಗಲಿಲ್ಲ, ಆದರೆ ಆ ವಾರಗಳಲ್ಲಿ ಅವನು ಬೆಳಿಗ್ಗೆ ಎದ್ದೊಡನೆ ನೋಡುತ್ತಿದ್ದದ್ದು ವಿಶ್ವವಿದ್ಯಾಲಯದ ಮಿಂಚಂಚೆಯನ್ನು.

ಅಳಿಸುವ ಅರ್ಜಿ ಆ ವಸಂತದಲ್ಲೇ ಹೋಯಿತು. 2025ರ ಜನವರಿ 1ರಿಂದ ಟೆಕ್ಸಾಸ್‌ನಲ್ಲಿ ಇದು ದಂಡ ಪ್ರಕ್ರಿಯಾ ಸಂಹಿತೆಯ 55ಎ ಅಧ್ಯಾಯ, ಹಳೆಯ ಕಾಗದಗಳಲ್ಲಿ 55 ಎಂದಿರುತ್ತದೆ. ಅರ್ಜಿಯಲ್ಲಿ ಆ ದಾಖಲೆ ಯಾರ ಯಾರ ಬಳಿ ಇರಬಹುದೋ ಅವರೆಲ್ಲರ ಹೆಸರು ಬರೆಯಬೇಕು: ನಗರ ಪೊಲೀಸರು, ಶೆರೀಫ್, ಸರ್ಕಾರಿ ವಕೀಲರ ಕಚೇರಿ, ನ್ಯಾಯಾಲಯದ ಗುಮಾಸ್ತರು, ರಾಜ್ಯದ ಸಾರ್ವಜನಿಕ ಸುರಕ್ಷಾ ಇಲಾಖೆ. ಎಫ್‌ಬಿಐಗೆ ತಿಳಿಯುವುದು ಈ ಕೊನೆಯ ಇಲಾಖೆಯ ಮೂಲಕ. ಹೆಸರು ಬಿಟ್ಟುಹೋದ ಕಚೇರಿಯಲ್ಲಿ ದಾಖಲೆ ಉಳಿದುಬಿಡಬಹುದು.

ಅರ್ಜಿ ಹಾಕುವ ಮುನ್ನ ವಕೀಲರು ಹೇಳಿದ ಒಂದು ಕೆಲಸವನ್ನು ಪ್ರತಿಯೊಬ್ಬ ವಿದೇಶಿ ವಿದ್ಯಾರ್ಥಿಯೂ ಮಾಡಲೇಬೇಕು. ದೂರಿನ ಪ್ರತಿ ಮತ್ತು ವಜಾ ಆದೇಶದ ಪ್ರತಿಗಳನ್ನು ನ್ಯಾಯಾಲಯದ ಮೊಹರಿನೊಂದಿಗೆ ಹಲವು ಸೆಟ್ ತೆಗೆದಿಟ್ಟುಕೊಳ್ಳಬೇಕು. ಅಳಿಸಿದ ಮೇಲೆ ಅವು ಎಲ್ಲೂ ಸಿಗುವುದಿಲ್ಲ. ಟೆಕ್ಸಾಸ್‌ನ ಕಾಯ್ದೆಯ ಮಟ್ಟಿಗೆ, ದಾಖಲೆ ಅಳಿಸಿದ ಮೇಲೆ ಬಂಧನವೇ ಆಗಿರಲಿಲ್ಲ ಎಂದು ಕೆಲಸ ಕೊಡುವವರಿಗೆ ಹೇಳಬಹುದು. ವೀಸಾ ಅರ್ಜಿಗೆ ಆ ಮಾತು ಸಲ್ಲದು. ಡಿಎಸ್-160 ನಮೂನೆ ಕೇಳುವುದು ಎಂದಾದರೂ ಬಂಧನವಾಗಿತ್ತೇ ಎಂದು, ಕ್ಷಮೆಯೋ ಅಂಥದೇ ಬೇರೇನೋ ಸಿಕ್ಕಿದ್ದರೂ ಹೇಳಬೇಕು ಎಂದು. ಬೆರಳಚ್ಚು ಆ ಮೊದಲೇ ಒಕ್ಕೂಟ ಸರ್ಕಾರವನ್ನು ತಲುಪಿರುತ್ತದೆ. ಅಲ್ಲಿ ‘ಇಲ್ಲ’ ಎಂದು ಬರೆದರೆ ವಜಾ ಆದ ಪ್ರಕರಣಕ್ಕಿಂತ ಆ ಸುಳ್ಳೇ ದೊಡ್ಡ ಅಪರಾಧವಾಗುತ್ತದೆ.

ಬೇಸಿಗೆಯಲ್ಲಿ ಆದೇಶ ಬಂತು. ಕೌಂಟಿಯ ಪುಟದಲ್ಲಿ ಹೆಸರು ಹುಡುಕಿದರೆ ಈಗ ಏನೂ ಬರುವುದಿಲ್ಲ. ಆದೇಶದ ಪ್ರತಿಯನ್ನು ಲಗತ್ತಿಸಿ, ಟೆಕ್ಸಾಸ್‌ನ ವ್ಯಾಪಾರ ಮತ್ತು ವಾಣಿಜ್ಯ ಸಂಹಿತೆಯ 109ನೆಯ ಅಧ್ಯಾಯವನ್ನು ಉಲ್ಲೇಖಿಸಿ ಖಾಸಗಿ ತಾಣಗಳಿಗೆ ವಕೀಲರು ನೋಟಿಸ್ ಕಳಿಸಿದರು. ದಾಖಲೆ ಅಳಿಸಿದ್ದು ತಿಳಿದ ಮೇಲೂ ಅದನ್ನು ಪ್ರಕಟಿಸುವಂತಿಲ್ಲ ಎನ್ನುತ್ತದೆ ಆ ಅಧ್ಯಾಯ. ಮೊದಲು ಹಾಕಿದ ತಾಣ ತೆಗೆಯಿತು, ಅದರಿಂದ ನಕಲು ಮಾಡಿದ್ದ ಇನ್ನೊಂದಕ್ಕೆ ಎರಡನೆಯ ನೋಟಿಸ್ ಹೋಗಿದೆ. ಗೂಗಲ್‌ಗೂ ಹಳೆಯ ಕೊಂಡಿಗಳನ್ನು ಕೈಬಿಡಲು ಕೋರಿಕೆ ಸಲ್ಲಿಸಿದ್ದೇವೆ. ಹುಡುಗ ಮುಂದಿನ ವರ್ಷ ವೀಸಾ ಮುದ್ರೆಗಾಗಿ ಚೆನ್ನೈಗೆ ಹೋಗಬೇಕು. ನಮೂನೆಯಲ್ಲಿ ‘ಹೌದು’ ಎಂದು ಬರೆದು, ಮೊಹರು ಹಾಕಿದ ವಜಾ ಆದೇಶವನ್ನು ಜೊತೆಗೆ ಒಯ್ಯುತ್ತಾನೆ, ಅದರ ಇನ್ನೊಂದು ಸೆಟ್ ತುಮಕೂರಿನಲ್ಲಿ ತಾಯಿಯ ಬಳಿ ಇದೆ.